ಅಣಬೆಯ ಮುದ್ದೆಮಾಲು

1998ರಲ್ಲಿ ಬ್ರಿಟನ್ ಸರ್ಕಾರ ನಾಲ್ಕು ಅಣಬೆಗಳನ್ನು ಕಾನೂನಿನ ಆಶ್ರಯಕ್ಕೆ ತೆಗೆದುಕೊಂಡಿತು. 1981ರ ವನ್ಯಜೀವಿ ಕಾಯ್ದೆಯ ಎಂಟನೇ ಪಟ್ಟಿಗೆ ಅವುಗಳ ಹೆಸರು ಸೇರಿತು. ಕಿತ್ತರೆ ಅಪರಾಧ, ಮಾರಿದರೂ ಅಪರಾಧ. ಮುದಿ ಓಕ್ ಮರಗಳ ಒಳತಿರುಳಲ್ಲಿ ಬದುಕುವ ಓಕ್ ಪಾಲಿಪೋರ್, ಮರದ ಕಾಂಡದಿಂದ ಬಿಳಿ ಗಡ್ಡದಂತೆ ಇಳಿಬೀಳುವ ಹೆರಿಸಿಯಂ, ಒಣ ಮರಳಿನ ದಿಬ್ಬದಲ್ಲಿ ಊರುಗೋಲು ನೆಟ್ಟಂತೆ ನಿಲ್ಲುವ ಬಟಾರಿಯಾ, ಕೆಂಪು ಟೋಪಿಯ ‘ರಾಜ ಬೊಲೀಟ್’, ಅಂದರೆ ಬೊಲೀಟಸ್ ರೀಜಿಯಸ್. ಮೊದಲ ಮೂರಕ್ಕೆ ಕಾನೂನು ಸರಿಯಾಗಿಯೇ ಕಾವಲು ನಿಂತಿತು. ನಾಲ್ಕನೆಯದು ಮಾತ್ರ ಆ ದೇಶದಲ್ಲಿ ಇರಲೇ ಇಲ್ಲ.

ರಾಜ ಬೊಲೀಟ್ ಎಂದು ಬ್ರಿಟನ್ನಿನಲ್ಲಿ ಹೆಸರು ಹಚ್ಚಿಟ್ಟಿದ್ದ ಮಾದರಿಗಳನ್ನು ಮುಂದೆ ತಜ್ಞರು ಮತ್ತೆ ತೆರೆದು ನೋಡಿದರು. ಅವೆಲ್ಲ ಅದರ ಹತ್ತಿರದ ನೆಂಟನವು, ಬೊಲೀಟಸ್ ಸ್ಯೂಡೊರೀಜಿಯಸ್‌ನವು. ಲ್ಯಾಟಿನ್ ಹೆಸರಿನ ಅರ್ಥವೇ ‘ಹುಸಿರಾಜ’. ಎರಡಕ್ಕೂ ಹಳದಿ ಕಾಂಡ, ಕೆಂಪುಛಾಯೆಯ ಟೋಪಿ. ಆದರೆ ನಿಜವಾದ ರಾಜನನ್ನು ಕೊಯ್ದರೆ ಒಳಗಿನ ತಿರುಳು ಹಳದಿಯಾಗಿಯೇ ಉಳಿಯುತ್ತದೆ, ಹುಸಿರಾಜನದು ಗಾಳಿ ತಾಗುತ್ತಲೇ ನೀಲಿಗೆ ತಿರುಗುತ್ತದೆ. ಯಾರದೂ ದುರುದ್ದೇಶವಿರಲಿಲ್ಲ. ನೋಡಿದವರು ತಮಗೆ ತಿಳಿದಂತೆ ಹೆಸರಿಟ್ಟರು, ಹೆಸರು ಪಟ್ಟಿಗೆ ಹೋಯಿತು, ಪಟ್ಟಿ ಸಂಸತ್ತಿಗೆ ಹೋಯಿತು.

ಇದನ್ನು ಅಧಿಕಾರಿಗಳ ಎಡವಟ್ಟೆಂದು ನಕ್ಕು ಬಿಡಬಹುದು. ಹಾಗೆ ನಗುವ ಮುನ್ನ, ತಪ್ಪು ಗೊತ್ತಾಗಿದ್ದಾದರೂ ಹೇಗೆ ಎಂದು ಕೇಳಬೇಕು. ಅಣಬೆ ಕಂಡವರು ಅದನ್ನು ಒಣಗಿಸಿ, ಕಾಗದದ ಲಕೋಟೆಯಲ್ಲಿ ಮಡಿಸಿ, ಹರ್ಬೇರಿಯಂ, ಅಂದರೆ ಒಣ ಮಾದರಿಗಳ ಭಂಡಾರ, ಒಂದರ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಬರೀ ಹೆಸರು ಬರೆದು ಬಿಟ್ಟಿದ್ದರೆ ರಾಜ ಇಂದಿಗೂ ಬ್ರಿಟನ್ನಿನಲ್ಲಿ ಆಳುತ್ತಿದ್ದ, ಇಲ್ಲ ಎಂದು ಸಾಧಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಕೋರ್ಟು ಕಚೇರಿ ಹತ್ತಿದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಸಾಕ್ಷಿಯ ಹೇಳಿಕೆ ಒಂದು, ಮುದ್ದೆಮಾಲು ಇನ್ನೊಂದು. ಸಾಕ್ಷಿಗೆ ಮರೆವು ಬರುತ್ತದೆ, ಸಾವು ಬರುತ್ತದೆ. ಮುದ್ದೆಮಾಲು ಮಾತ್ರ ಮೊಹರು ಹಚ್ಚಿಸಿಕೊಂಡು ಕಪಾಟಿನಲ್ಲಿ ಕೂತಿರುತ್ತದೆ. ಹೊಸ ಪರೀಕ್ಷೆ ಬಂದಾಗ ಹೊಸ ಪ್ರಶ್ನೆಗೆ ಉತ್ತರ ಕೊಡುತ್ತದೆ. ‘ಇಂಥ ಕಾಡಿನಲ್ಲಿ, ಇಂಥ ದಿನ, ಇಂಥ ಅಣಬೆ ಕಂಡೆ’ ಎಂಬ ಟಿಪ್ಪಣಿ ಹೇಳಿಕೆ. ಒಣಗಿದ ಅಣಬೆ ಮುದ್ದೆಮಾಲು. ಅಪರೂಪದ ಅಣಬೆಯ ವಿಷಯದಲ್ಲಿ ಮುದ್ದೆಮಾಲಿಲ್ಲದ ಹೇಳಿಕೆಯನ್ನು ನಂಬಬಾರದು. ಹೇಳಿದವರು ಎಷ್ಟೇ ದೊಡ್ಡವರಿರಲಿ.

ಒಂದು ಮಾದರಿ ತಯಾರಾಗುವ ಬಗೆ ನೋಡಿದರೆ ಅಜ್ಜಿಯರ ಸಂಡಿಗೆ ಕೆಲಸ ನೆನಪಾಗುತ್ತದೆ. ಅಣಬೆಯ ಮೈಯಲ್ಲಿ ಬಹುಪಾಲು ನೀರು. ಹಾಗೇ ಬಿಟ್ಟರೆ ಎರಡನೇ ದಿನಕ್ಕೆ ಹುಳ, ಮೂರನೇ ದಿನಕ್ಕೆ ರಾಡಿ. ಅದಕ್ಕೇ ತಂದ ದಿನವೇ ಅದರ ಬಣ್ಣ, ಅಂಟು, ಕೊಯ್ದಾಗಿನ ಬದಲಾವಣೆ ಎಲ್ಲ ಬರೆದುಕೊಳ್ಳಬೇಕು. ವಾಸನೆಯನ್ನೂ ಬರೆಯಬೇಕು. ಒಂದಕ್ಕೆ ಹಸಿ ಹಿಟ್ಟಿನ ವಾಸನೆ, ಇನ್ನೊಂದಕ್ಕೆ ಮೂಲಂಗಿಯದು. ಟೋಪಿಯನ್ನು ಕಾಗದದ ಮೇಲೆ ರಾತ್ರಿಯಿಡೀ ಮಗುಚಿಟ್ಟರೆ ಬೀಜಾಣುಗಳು ಉದುರಿ ಬಣ್ಣದ ಅಚ್ಚು ಮೂಡುತ್ತದೆ. ಆಮೇಲೆ ಸುಮಾರು 40 ಡಿಗ್ರಿಯ ಹದವಾದ ಬಿಸಿಗಾಳಿಯಲ್ಲಿ ಅದನ್ನು ಒಣಗಿಸುತ್ತಾರೆ. ಬಿಸಿ ಹೆಚ್ಚಾದರೆ ಅಣಬೆ ಬೇಯುತ್ತದೆ, ಕಡಿಮೆಯಾದರೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ಉಳಿಯುವುದು ಸುಕ್ಕುಗಟ್ಟಿದ, ಕಂದುಬಣ್ಣದ, ಯಾರಿಗೂ ಬೇಡವೆನ್ನಿಸುವ ಚೂರು. ಕೀಟ ಸಾಯಲೆಂದು ಅದನ್ನು ಕೆಲವು ದಿನ ಕೊರೆಯುವ ಶೀತದಲ್ಲಿ ಇಡುತ್ತಾರೆ. ಹಿಂದಿನ ಕಾಲದಲ್ಲಿ ಪಾದರಸದ ವಿಷ ಬಳಿಯುತ್ತಿದ್ದರು, ಹಾಗಾಗಿ ಹಳೆಯ ಲಕೋಟೆಗಳನ್ನು ಇವತ್ತಿಗೂ ಕೈಗವಸು ಹಾಕಿಕೊಂಡೇ ಮುಟ್ಟಬೇಕು.

ಆ ಚೂರಿಗಿಂತ ಕೆಲವೊಮ್ಮೆ ಅದರ ಜೊತೆಗಿನ ಚೀಟಿಯೇ ಬೆಲೆಬಾಳುತ್ತದೆ. ರಾಜ ಮತ್ತು ಹುಸಿರಾಜರ ವ್ಯಾಜ್ಯವನ್ನೇ ನೋಡಿ: ಒಣಗಿದ ಮೇಲೆ ಹಳದಿಯೂ ಇಲ್ಲ, ನೀಲಿಯೂ ಇಲ್ಲ. ಕೊಯ್ದಾಗ ನೀಲಿಯಾಯಿತು ಎಂದು ಕಂಡವರು ಅವತ್ತೇ ಒಂದು ಸಾಲು ಗೀಚಿದ್ದರೆ ನೂರು ವರ್ಷದ ನಂತರವೂ ಅದು ಮಾತಾಡುತ್ತದೆ. ಮತ್ತೊಂದು ಒಳ್ಳೆಯ ರೂಢಿಯಿದೆ. ಮುಂದೆ ಬಂದ ತಜ್ಞರಿಗೆ ಹೆಸರು ತಪ್ಪೆಂದು ಕಂಡರೆ ಅವರು ಹಳೆಯ ಚೀಟಿಯನ್ನು ಕಿತ್ತೆಸೆಯುವಂತಿಲ್ಲ. ಅದರ ಪಕ್ಕದಲ್ಲಿ ತಮ್ಮ ಚೀಟಿ ಅಂಟಿಸಿ, ಹೆಸರು, ತಾರೀಖು ಬರೆಯಬೇಕು. ಹೀಗೆ ಒಂದೇ ಲಕೋಟೆಯ ಮೇಲೆ ನಾಲ್ಕೈದು ಚೀಟಿ ಕೂತಿರುವುದುಂಟು. ಯಾರಿಂದ ಯಾರಿಗೆ ಖಾತೆ ಬದಲಾಯಿತು ಎಂದು ತೋರಿಸುವ ಜಮೀನಿನ ಹಳೆಯ ಕಾಗದಪತ್ರದಂತೆ. ವಿಜ್ಞಾನ ತನ್ನ ತಪ್ಪುಗಳನ್ನು ಅಳಿಸದೆ ಇಟ್ಟುಕೊಳ್ಳುವ ಜಾಗಗಳು ಹೆಚ್ಚಿಲ್ಲ, ಇದು ಅಂಥದ್ದೊಂದು.

ಲಂಡನ್ನಿನ ಕ್ಯೂ ಉದ್ಯಾನದ ಶಿಲೀಂಧ್ರ ಭಂಡಾರದಲ್ಲಿ ಇಂಥ ಮಾದರಿಗಳು ಸುಮಾರು 12.5 ಲಕ್ಷ ಇವೆ. ಪಾದ್ರಿಯಾಗಿದ್ದ ಮೈಲ್ಸ್ ಜೋಸೆಫ್ ಬರ್ಕ್ಲಿ 1879ರಲ್ಲಿ ಕೊಟ್ಟ ಸಂಗ್ರಹ ಅದರ ಬುನಾದಿಗಳಲ್ಲೊಂದು. ಬೀಗಲ್ ಹಡಗಿನ ಪ್ರಯಾಣದಲ್ಲಿ ಚಾರ್ಲ್ಸ್ ಡಾರ್ವಿನ್ ಹೆಕ್ಕಿದ ಶಿಲೀಂಧ್ರಗಳೂ ಅಲ್ಲಿವೆ. ಆದರೆ ಯುರೋಪಿನ ಅಣಬೆ ಸಂಗ್ರಹ ದೊಡ್ಡ ಹೆಸರುಗಳಿಂದಷ್ಟೇ ಬೆಳೆಯಲಿಲ್ಲ. ವೈದ್ಯರು, ಪಾದ್ರಿಗಳು, ಮೇಷ್ಟ್ರುಗಳು, ಬಿಡುವಿದ್ದ ಹೆಂಗಸರು ಶನಿವಾರ ಭಾನುವಾರ ಬುಟ್ಟಿ ಹಿಡಿದು ಕಾಡಿಗೆ ಹೋಗಿದ್ದರಿಂದ ಬೆಳೆಯಿತು. ಹೆರಿಫರ್ಡ್‌ನ ವೂಲ್‌ಹೋಪ್ ಕ್ಲಬ್ 1868ರಿಂದ ಇಂಥ ಅಣಬೆಯಾತ್ರೆ ಹೊರಡಿಸತೊಡಗಿತು. ಯಾತ್ರೆ ಮುಗಿದ ಮೇಲೆ ಭರ್ಜರಿ ಅಣಬೆಯೂಟವೂ ಇರುತ್ತಿತ್ತು. ಎಷ್ಟು ಅಪರೂಪದ ಮಾದರಿಗಳು ಬೆಣ್ಣೆಯಲ್ಲಿ ಬೆಂದು ಹೋದವೋ ದೇವರೇ ಬಲ್ಲ.

ನಾಲ್ವರು ರಕ್ಷಿತರಲ್ಲಿ ಹೆಚ್ಚು ಸ್ವಾರಸ್ಯದ್ದು ಬಟಾರಿಯಾ ಫ್ಯಾಲೋಯ್ಡಿಸ್. ಇಂಗ್ಲೆಂಡಿನ ಸಫೊಕ್ ಪ್ರಾಂತ್ಯದ ಬಂಗೇ ಊರಿನ ಥಾಮಸ್ ವುಡ್‌ವರ್ಡ್ ಇದರ ವಿವರಣೆಯನ್ನು 1784ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ಅಣಬೆಗಳನ್ನೂ ಗಿಡಗಳ ಲೆಕ್ಕಕ್ಕೇ ಹಿಡಿಯುತ್ತಿದ್ದ ಕಾಲ, ಹಾಗಾಗಿ ಶೀರ್ಷಿಕೆಯಲ್ಲಿ ಅದು ‘ಹೊಸ ಗಿಡ’. ಮೊದಲು ನೆಲದೊಳಗೆ ಮೊಟ್ಟೆಯಂತೆ ಬೆಳೆದು, ಆಮೇಲೆ ತೊಗಟೆ ಸುಲಿದಂಥ ಒರಟು ಕಾಂಡ ಉದ್ದಕ್ಕೆ ಚಾಚಿ, ತುದಿಯಲ್ಲಿ ತುಕ್ಕಿನ ಬಣ್ಣದ ಬೀಜಾಣು ಪುಡಿಯ ಗುಪ್ಪೆ ಹೊತ್ತು ನಿಲ್ಲುತ್ತದೆ. ಮರುವರ್ಷ ಸಸ್ಯಶಾಸ್ತ್ರಜ್ಞ ಜೇಮ್ಸ್ ಡಿಕ್ಸನ್ ಅದಕ್ಕೆ ಹೆಸರು ಕೊಟ್ಟ. 1801ರಲ್ಲಿ ಶಿಲೀಂಧ್ರ ವಿಜ್ಞಾನಿ ಪರ್ಸೂನ್ ಅದನ್ನು ಬೇರೆ ಕುಲ ಮಾಡಿ, ರಿಮಿನಿಯ ಪಾದ್ರಿ ಹಾಗೂ ಅಣಬೆ ಪಂಡಿತ ಬಟಾರಾ ನೆನಪಿಗೆ ಬಟಾರಿಯಾ ಎಂದ. ಆ ಹೆಸರಿನ ಕಾಗುಣಿತದ ಬಗ್ಗೆ ಇವತ್ತಿಗೂ ಒಮ್ಮತವಿಲ್ಲ. ಬ್ರಿಟಿಷ್ ಕಾಯ್ದೆ ಒಂದು ಥರ ಬರೆಯುತ್ತದೆ, ಹೆಚ್ಚಿನ ಪುಸ್ತಕಗಳು ಇನ್ನೊಂದು ಥರ.

ಈ ಅಣಬೆ ಬ್ರಿಟನ್ನಿನಲ್ಲಿ ಅಪರೂಪ ನಿಜ. ಆದರೆ ಜಗತ್ತಿನ ಒಣ ನಾಡುಗಳಲ್ಲಿ, ಮರಳುಗಾಡಿನ ಅಂಚುಗಳಲ್ಲಿ, ಅದರ ಸಂಸಾರ ಹರಡಿಕೊಂಡಿದೆ. ಅಲ್ಲಿಯ ದೊಡ್ಡ ಗಾತ್ರದ್ದನ್ನು ಬಟಾರಿಯಾ ಸ್ಟೆವೆನಿ ಎಂದು ಬೇರೆಯಾಗಿ ಕರೆದವರಿದ್ದಾರೆ, ಎರಡೂ ಒಂದೇ ಎಂದು ವಾದಿಸಿದವರಿದ್ದಾರೆ. ಒಂದೇ ಆದರೆ ಬ್ರಿಟನ್ ಕಾಯುತ್ತಿರುವುದು ಲೋಕವೆಲ್ಲ ಹಬ್ಬಿದ ಜೀವಿಯೊಂದರ ಉತ್ತರದ ಗಡಿಠಾಣೆಯನ್ನು. ಬೇರೆ ಆದರೆ ಎಲ್ಲ ಕಡೆಯೂ ವಿರಳವಾದ ಸೊತ್ತನ್ನು. ಕಾನೂನಿನ ತೂಕವೇ ಬದಲಾಗುವ ಪ್ರಶ್ನೆ ಇದು. ಎರಡೂ ಪಕ್ಷದವರು ಕೊನೆಗೆ ಹೋಗಿ ನಿಲ್ಲುವುದು ಲಕೋಟೆಗಳ ಮುಂದೆಯೇ, ಸೂಕ್ಷ್ಮದರ್ಶಕ ಮತ್ತು ಡಿಎನ್ಎ ಹಿಡಿದುಕೊಂಡು.

ಅಪರೂಪ ಎಂಬ ಮಾತಿನಲ್ಲೇ ಒಂದು ಮೋಸವಿದೆ. ಅಣಬೆಯ ಜೀವ ಇರುವುದು ಮಣ್ಣು ಅಥವಾ ಮರದೊಳಗೆ ಹಬ್ಬಿದ ಕವಕಜಾಲದಲ್ಲಿ. ಕಣ್ಣಿಗೆ ಕಾಣುವ ಕೊಡೆ ಅದರ ಫಲ ಮಾತ್ರ, ಅದೂ ಕೆಲವು ವರ್ಷ ಬಿಡುತ್ತದೆ, ಕೆಲವು ವರ್ಷ ಇಲ್ಲ. ಸಿಕ್ಕಿದ ಜಾಗಗಳಿಗೆಲ್ಲ ಚುಕ್ಕೆ ಇಟ್ಟು ನಕ್ಷೆ ಬರೆದರೆ ಅದು ಅಣಬೆಯ ನಕ್ಷೆಯಷ್ಟೇ ಆಗಿರುವುದಿಲ್ಲ, ಅಣಬೆ ಬಲ್ಲವರು ಎಲ್ಲೆಲ್ಲಿ ಮನೆ ಮಾಡಿದ್ದರು ಎಂಬುದರ ನಕ್ಷೆಯೂ ಆಗಿರುತ್ತದೆ. ಒಬ್ಬ ನುರಿತ ಸಂಗ್ರಾಹಕ ತೀರಿಕೊಂಡರೆ ಆ ಜಿಲ್ಲೆಯ ಹತ್ತು ಪ್ರಭೇದಗಳು ಕಾಗದದ ಮೇಲೆ ‘ಕಣ್ಮರೆ’ಯಾಗಬಹುದು. ಈ ಅನುಮಾನ ಬಗೆಹರಿಸಲೆಂದೇ ಕ್ಯೂ 2014ರಲ್ಲಿ ‘ಕಳೆದು ಸಿಕ್ಕ ಶಿಲೀಂಧ್ರಗಳು’ ಎಂಬರ್ಥದ ಐದು ವರ್ಷದ ಯೋಜನೆ ಹಮ್ಮಿಕೊಂಡಿತು. ಸುಮಾರು ನೂರು ಪ್ರಭೇದಗಳನ್ನು ಆರಿಸಿಕೊಂಡು, ಹವ್ಯಾಸಿಗಳ ಕೈಗೆ ಹಳೆಯ ದಾಖಲೆ ಕೊಟ್ಟು, ಹೋಗಿ ಹುಡುಕಿ ಎಂದು ಕಳಿಸಿದರು. ಹುಡುಕಲು ಹೋಗುವವರಿಗೆ ಮೊದಲು ಬೇಕಾದದ್ದು ವಿಳಾಸ. ಆ ವಿಳಾಸ ಇದ್ದದ್ದು ಚೀಟಿಯಲ್ಲಿ, ಮಾಸಿದ ಶಾಯಿಯಲ್ಲಿ.

ಪಟ್ಟಿ ಬರೆಯುವವರನ್ನು ಹೀಗಳೆಯುವುದು ತಪ್ಪಾದೀತು. ಸಾಲ್ಸ್‌ಬರಿಯ ಸುತ್ತಮುತ್ತ ಎಡ್ವರ್ಡ್ ಗ್ಯಾಂಜ್ ಎಂಬ ಹವ್ಯಾಸಿ ದಶಕಗಟ್ಟಲೆ ಬರೆದಿಟ್ಟ ಅಣಬೆ ಲೆಕ್ಕವನ್ನು ಅವರ ಮಗ, ಜೀವವಿಜ್ಞಾನಿ ಅಲನ್ ಗ್ಯಾಂಜ್, ಕುಳಿತು ವಿಶ್ಲೇಷಿಸಿದರು. 315 ಪ್ರಭೇದಗಳ ಸುಮಾರು 52,000 ದಾಖಲೆ. 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಆ ಲೇಖನದ ಪ್ರಕಾರ 1950ರ ದಶಕದಲ್ಲಿ ಸರಾಸರಿ 33 ದಿನವಿದ್ದ ಅಣಬೆ ಸುಗ್ಗಿ ಈ ಶತಮಾನದ ಮೊದಲ ದಶಕದ ಹೊತ್ತಿಗೆ ಸುಮಾರು 75 ದಿನಕ್ಕೆ ಹಿಗ್ಗಿತ್ತು. ಅಪ್ಪನ ನೋಟ್‌ಬುಕ್ಕಿನಿಂದ ಇಷ್ಟು ದೊಡ್ಡ ಸಂಗತಿ ಹೊರಬಿತ್ತು. ಎಲ್ಲರೂ ಬಲ್ಲ ಸಾಮಾನ್ಯ ಅಣಬೆಗಳಿಗೆ ನುರಿತ ಕಣ್ಣೊಂದು ಸಾಕು. ಕಣ್ಣಿಗೆ ಮೋಸ ಮಾಡುವ ವಿರಳ ಅಣಬೆಗೆ ಸಾಲದು.

ನಾರ್ವೆಯವರು ಇದೇ ಬಗೆಯ ಪ್ರಶ್ನೆಯನ್ನು ಹರ್ಬೇರಿಯಂಗೇ ಕೇಳಿದರು. 1940ರಿಂದ 2006ರವರೆಗೆ ಸಂಗ್ರಹವಾದ, ತಾರೀಖು ಇರುವ ಸುಮಾರು 34,500 ಮಾದರಿಗಳು, 83 ಪ್ರಭೇದಗಳು. 1980ರ ನಂತರ ಶರತ್ಕಾಲದ ಅಣಬೆಗಳು ಸರಾಸರಿ 12.9 ದಿನ ತಡವಾಗಿ ಏಳುತ್ತಿವೆ ಎಂದು 2008ರಲ್ಲಿ ಗೊತ್ತಾಯಿತು. ಆ ಅಣಬೆಗಳನ್ನು ಒಣಗಿಸಿಟ್ಟವರಲ್ಲಿ ಹಲವರಿಗೆ ಹವಾಮಾನ ಬದಲಾವಣೆ ಎಂಬ ಮಾತೇ ಕಿವಿಗೆ ಬಿದ್ದಿರಲಿಲ್ಲ. ಅವರು ಕೇಳದ ಪ್ರಶ್ನೆಗೆ ಅವರು ಇಟ್ಟುಹೋದ ಲಕೋಟೆ ಉತ್ತರಿಸಿತು.

ಡಿಎನ್ಎ ಬಂದ ಮೇಲಂತೂ ಒಣ ಅಣಬೆಯ ನಸೀಬೇ ತೆರೆಯಿತು. 2014ರಲ್ಲಿ ಕ್ಯೂ ವಿಜ್ಞಾನಿಗಳಿಬ್ಬರು ಲಂಡನ್ನಿನ ಅಂಗಡಿಯಿಂದ ಚೀನಾದ ಒಣ ಪೊರ್ಚಿನಿ ಅಣಬೆಯ ಪೊಟ್ಟಣವೊಂದನ್ನು ಕೊಂಡು ತಂದು, 15 ಚೂರುಗಳ ಡಿಎನ್ಎ ನೋಡಿದರು. ಅದರೊಳಗೆ ಮೂರು ಪ್ರಭೇದ, ಮೂರಕ್ಕೂ ಅಲ್ಲಿಯವರೆಗೆ ವೈಜ್ಞಾನಿಕ ಹೆಸರೇ ಇರಲಿಲ್ಲ! ಅಡುಗೆಮನೆಯ ಪೊಟ್ಟಣದ್ದೇ ಈ ಕಥೆಯಾದರೆ ಹರ್ಬೇರಿಯಂ ಕಪಾಟಿನದು ಇನ್ನೇನಿರಬೇಕು? ಅದಕ್ಕೂ ಒಂದು ವರ್ಷ ಮೊದಲು, ಬ್ರಿಟನ್ನಿನ ಹುಲ್ಲುಗಾವಲಿನ ಮೇಣದ ಟೋಪಿ ಅಣಬೆಗಳಲ್ಲಿ ನೇರಳೆ ಛಾಯೆಯ ಒಂದನ್ನು ಹೊಸ ಪ್ರಭೇದವೆಂದು ಬೇರ್ಪಡಿಸಿ ರಾಣಿಯ ಹೆಸರಿಟ್ಟರು: ಗ್ಲಿಯೋಫೋರಸ್ ರೆಜಿನೇ. ಮುಳ್ಳುಹಲ್ಲಿನ ಹೈಡ್ನೆಲ್ಲಂ, ಫೆಲ್ಲೊಡಾನ್ ಅಣಬೆಗಳಲ್ಲೂ ಒಂದೇ ಹೆಸರಿನಡಿ ಹಲವು ಪ್ರಭೇದ ಅಡಗಿದ್ದು ಬಯಲಾಯಿತು. ಹೀಗೆ ಒಂದು ಹೆಸರು ಒಡೆದು ಎರಡಾದಾಗ, ಮಾದರಿ ಇಲ್ಲದ ಹಳೆಯ ದಾಖಲೆಗಳೆಲ್ಲ ಅನಾಥವಾಗುತ್ತವೆ. ಅಂದು ಕಂಡದ್ದು ಇದೋ ಅದೋ ಎಂದು ಹೇಳಲು ಯಾರೂ ಉಳಿದಿರುವುದಿಲ್ಲ.

ಇಷ್ಟಾದರೂ ಒಂದು ವಾದ ಆಗಾಗ ಕೇಳಿಬರುತ್ತದೆ. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ಫೋಟೊ ಸಾಕಲ್ಲವೇ? ಸಾಲದು. ಫೋಟೊದಿಂದ ಬೀಜಾಣು ಉದುರುವುದಿಲ್ಲ, ಡಿಎನ್ಎ ಬರುವುದಿಲ್ಲ. ನಾಳೆ ಬರಲಿರುವ ಪರೀಕ್ಷೆ ಯಾವುದೋ, ಅದಕ್ಕಂತೂ ಫೋಟೊದಿಂದ ಏನೂ ಸಿಗುವುದಿಲ್ಲ. ಮಾದರಿ, ಚೀಟಿಗಳ ಜೊತೆಗಿದ್ದರೆ ಫೋಟೊ ಬಂಗಾರ, ಒಂಟಿಯಾಗಿದ್ದರೆ ಬರೀ ಚಂದದ ಹೇಳಿಕೆ.

ಇನ್ನೊಂದು ವಾದಕ್ಕೆ ಹೆಚ್ಚು ತೂಕವಿದೆ. ಅಪರೂಪದ್ದನ್ನು ಕಿತ್ತು ಒಣಗಿಸಿದರೆ ಅದು ಇನ್ನಷ್ಟು ಅಪರೂಪವಾಗುವುದಿಲ್ಲವೇ? ಸ್ವಿಟ್ಜರ್ಲೆಂಡಿನ ಕಾಡೊಂದರಲ್ಲಿ 29 ವರ್ಷ ಪ್ರಯೋಗ ಮಾಡಿ ನೋಡಿದ್ದಾರೆ. ಒಂದು ಕಡೆ ಅಣಬೆ ಕಿತ್ತರು, ಇನ್ನೊಂದು ಕಡೆ ಮುಟ್ಟಲಿಲ್ಲ. ಕೀಳುವುದರಿಂದ ಮುಂದಿನ ಫಸಲಾಗಲೀ ಪ್ರಭೇದಗಳ ಸಂಖ್ಯೆಯಾಗಲೀ ಇಳಿಯಲಿಲ್ಲ, ಕಾಡಿನ ನೆಲವನ್ನು ತುಳಿದಾಡಿದ್ದರಿಂದ ಮಾತ್ರ ಅಣಬೆ ಕಡಿಮೆಯಾಯಿತು ಎಂದು 2006ರಲ್ಲಿ ವರದಿಯಾಯಿತು. ಮಾವಿನಹಣ್ಣು ಕೊಯ್ದರೆ ಮರ ಸಾಯದು, ಬುಡಕ್ಕೆ ಕೊಡಲಿ ಬಿದ್ದರೆ ಸಾಯುತ್ತದೆ. ಓಕ್ ಪಾಲಿಪೋರ್‌ನ ನಿಜವಾದ ಶತ್ರು ಲಕೋಟೆ ಹಿಡಿದವರಲ್ಲ, ಶತಮಾನಗಳಷ್ಟು ಹಳೆಯ ಓಕ್ ಮರವನ್ನು ‘ಅಪಾಯಕಾರಿ’ ಎಂದು ಕಡಿಸುವವರು. ಆದರೂ ಒಂದೇ ಒಂದು ಅಣಬೆ ಎದ್ದಿರುವಲ್ಲಿ ಇಡೀ ಅಣಬೆ ಕೀಳಬೇಕಿಲ್ಲ, ಟೋಪಿಯ ಒಂದು ಚೂರು ಸಾಕು. ಕಾನೂನಿನ ರಕ್ಷಣೆ ಇರುವ ಪ್ರಭೇದಕ್ಕೆ ಪರವಾನಗಿ ಕೇಳುವುದೂ ಸರಿಯೇ.

ಎಲ್ಲಿ ಸಿಕ್ಕಿತು ಎಂಬ ಗುಟ್ಟು ಬೇರೆ ತಲೆನೋವು. ಹೆರಿಸಿಯಂ ಈಗ ‘ಸಿಂಹದ ಕೇಸರ’ ಎಂಬ ಹೆಸರಿನಲ್ಲಿ ಮಿದುಳಿಗೆ ಒಳ್ಳೆಯದೆಂದು ಪುಡಿಯಾಗಿ, ಮಾತ್ರೆಯಾಗಿ ಮಾರಾಟವಾಗುತ್ತಿದೆ. ಅಂಗಡಿಯದು ಬೇಸಾಯ ಮಾಡಿ ಬೆಳೆದದ್ದು, ಆದರೆ ಕಾಡಿನ ಮರದ ಗುರುತು ಮೀಟರು ಲೆಕ್ಕದಲ್ಲಿ ಅಂತರ್ಜಾಲಕ್ಕೆ ಬಿದ್ದರೆ ಆ ಮರಕ್ಕೆ ನೆಮ್ಮದಿಯಿರುವುದಿಲ್ಲ. ಮಾದರಿ ಎಲ್ಲ ಸಂಶೋಧಕರಿಗೂ ತೆರೆದಿರಲಿ, ವಿರಳ ಪ್ರಭೇದದ ನಿಖರ ಜಾಗ ಮಾತ್ರ ಮಸುಕಾಗಿರಲಿ.

ಬೇಸರದ ಸಂಗತಿಯೆಂದರೆ ಈ ಕಪಾಟುಗಳಿಗೆ ಕಾಸು ಹಾಕುವವರು ಕಡಿಮೆಯಾಗುತ್ತಿದ್ದಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 8,25,000 ಮಾದರಿಗಳಿದ್ದ ತನ್ನ ಹರ್ಬೇರಿಯಂ ಮುಚ್ಚುವುದಾಗಿ 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಯುರೋಪಿನಲ್ಲಿ ಕಾನೂನೇ ಅಣಬೆಗಳ ಕಡೆ ಸರಿಯಾಗಿ ಕಣ್ಣೆತ್ತಿಲ್ಲ. 1992ರ ಐರೋಪ್ಯ ಆವಾಸ ನಿರ್ದೇಶನದ ರಕ್ಷಿತ ಪಟ್ಟಿಗಳಲ್ಲಿ ಅಣಬೆ ಒಂದೂ ಇಲ್ಲ. 33 ಪ್ರಭೇದಗಳನ್ನು ಯುರೋಪಿನ ವನ್ಯಜೀವಿ ರಕ್ಷಣೆಯ ಬರ್ನ್ ಒಪ್ಪಂದಕ್ಕೆ ಸೇರಿಸಿ ಎಂದು 2003ರಲ್ಲಿ ಕೊಟ್ಟ ಪ್ರಸ್ತಾವ ಹಾಗೇ ಬಿದ್ದುಹೋಯಿತು. ಕ್ಯೂ ಉದ್ಯಾನದ 2023ರ ವರದಿಯ ಅಂದಾಜಿನಂತೆ ಜಗತ್ತಿನಲ್ಲಿ 25 ಲಕ್ಷ ಶಿಲೀಂಧ್ರ ಪ್ರಭೇದಗಳಿರಬಹುದು, ಹೆಸರಿಟ್ಟಿರುವುದು ಸುಮಾರು 1,55,000ಕ್ಕೆ. ಇಂಥ ಹೊತ್ತಿನಲ್ಲಿ ಜಾಗ ಉಳಿಸಲು ಕಪಾಟು ಖಾಲಿ ಮಾಡುವುದೆಂದರೆ ವ್ಯಾಜ್ಯ ಇನ್ನೂ ನಡೆಯುತ್ತಿರುವಾಗಲೇ ಮುದ್ದೆಮಾಲು ಸುಟ್ಟಂತೆ.

ಕನ್ನಡಿಗರಿಗೂ ಆ ಕಪಾಟುಗಳಲ್ಲಿ ಒಂದು ಋಣವಿದೆ. ಮೈಸೂರು ಸೀಮೆಯಿಂದ ಬಂದ ರೋಗ ಹತ್ತಿದ ಕಾಫಿ ಎಲೆಗಳ ಮೇಲೆ ಕಂಡ ಶಿಲೀಂಧ್ರವನ್ನು ಬ್ರಿಟಿಷ್ ಶಿಲೀಂಧ್ರ ವಿಜ್ಞಾನಿ ಎಂ.ಸಿ. ಕುಕ್ 1876ರಲ್ಲಿ ವಿವರಿಸಿ, ಬೆಳೆಗಾರರ ಬಾಯಿಮಾತನ್ನೇ ಲ್ಯಾಟಿನ್ ಹೆಸರಿಗೆ ಏರಿಸಿದ: ಪೆಲಿಕ್ಯುಲೇರಿಯಾ ಕೊಳೆರೋಗ. 1958ರಲ್ಲಿ ಡಚ್ ವಿಜ್ಞಾನಿ ಡೊಂಕ್ ‘ಕೊಳೆರೋಗ’ವನ್ನು ಕುಲದ ಹೆಸರನ್ನಾಗಿಯೇ ಮಾಡಿಬಿಟ್ಟ. ರೋಮನ್ ಲಿಪಿಯಲ್ಲಿ ಳ ಇಲ್ಲದ್ದರಿಂದ ಅದನ್ನು ‘ಕೊಲೆರೋಗ’ ಎಂದೂ ಓದಬಹುದು, ತೋಟದವರು ತಕರಾರು ಮಾಡಲಾರರು. ತಮಾಷೆಯೆಂದರೆ ಮಲೆನಾಡಿನ ಅಡಿಕೆ ಬೆಳೆಗಾರರೂ ತಮ್ಮ ತೋಟದ ಪಿಡುಗಿಗೆ ಇದೇ ಹೆಸರು ಹೇಳುತ್ತಾರೆ. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಅದನ್ನು ಪರೀಕ್ಷಿಸಿ ಫೈಟಾಫ್ತೊರಾ ಎಂದು ತೋರಿಸಿದರು. ಇಂದಿನ ವರ್ಗೀಕರಣದಲ್ಲಿ ಅದು ನಿಜವಾದ ಶಿಲೀಂಧ್ರವೂ ಅಲ್ಲ. ಹೆಸರು ಒಂದೇ, ಜೀವಿ ಎರಡು. ಮಾದರಿಗಳಿಲ್ಲದಿದ್ದರೆ ‘ಮೈಸೂರಿನಲ್ಲಿ ಕೊಳೆರೋಗ’ ಎಂಬ ಹಳೆಯ ದಾಖಲೆ ಓದಿ ಯಾರು ಏನೆಂದುಕೊಳ್ಳಬೇಕಿತ್ತು?

ಭಾರತಕ್ಕೂ ಇಂಥ ಭಂಡಾರವಿದೆ. ಎಡ್ವಿನ್ ಬಟ್ಲರ್ 1905ರಲ್ಲಿ ಬಿಹಾರದ ಪೂಸಾದಲ್ಲಿ ಶುರು ಮಾಡಿದ್ದು. 1934ರ ಭೂಕಂಪದ ನಂತರ ದೆಹಲಿಗೆ ಬಂದು, ಈಗ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದೆ. ಈ ಮಳೆಗಾಲದಲ್ಲಿ ಗೊತ್ತಿಲ್ಲದ ಅಣಬೆಯೊಂದು ಹಿತ್ತಲಲ್ಲೋ ಕಾಡಿನಂಚಲ್ಲೋ ಕಂಡವರು ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿ ಸುಮ್ಮನಾಗಬೇಡಿ. ಕೊಯ್ದಾಗ ಬಣ್ಣ ಬದಲಾಯಿತೇ, ಯಾವ ಮರದಡಿ ಇತ್ತು, ಯಾವ ದಿನ ಎಂದು ಬರೆದಿಟ್ಟು, ಒಣಗಿಸಿ, ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಕೊಡಿ. ಬಾಣಲೆಗೆ ಮಾತ್ರ ಹಾಕಬೇಡಿ.